ಅಂಕಿತ ಮತ್ತು ಕರ್ತೃ: ಭಕ್ತಕವಿಯ ಶ್ರಮ-ಸಾರ್ಥಕ್ಯಗಳ ವಿಚಾರ

ಕುಂದಾಪುರ ತಾಲ್ಲೂಕಿನ ಅಮಾಸೆಬೈಲು ಸಹ್ಯಾದ್ರಿಯ ಅಡಿಯಲ್ಲಿರುವ ಗ್ರಾಮ. ಇಲ್ಲಿಂದ ಹೊಸಂಗಡಿಯ ಮಾರ್ಗವಾಗಿ ಬಾಳೆಬರೆ ಘಾಟಿಯನ್ನೇರಿದರೆ ಕೆಳದಿಯ ಅರಸರು ಆಳಿದ ಬಿದನೂರು, ಅಂದರೆ ಇಂದಿನ ನಗರ, ಸಿಕ್ಕುತ್ತದೆ. ಪಡುವಣಕ್ಕೆ ಇಳಿದರೆ ಕುಂದಾಪುರದ ಕಡಲ ಕರೆ. ಮಳೆಗಾಲವು ತೀರಿ ಬೈಲಿನ ಬೆಳೆ ಮನೆಸೇರಿದ ಮೇಲೆ ಈ ಸೀಮೆಯಲ್ಲಿ ಹರಕೆಯ ಬಯಲಾಟಗಳು ಮೊದಲಾಗುತ್ತವೆ. ಮಂದಾರ್ತಿ, ಕಮಲಶಿಲೆ ಮೊದಲಾದ ಕ್ಷೇತ್ರಗಳ ಮೇಳಗಳು ಊರಿಂದೂರಿಗೆ ಸಾಗುತ್ತವೆ. ಮಂದಾರ್ತಿಯ ಮೇಳಗಳಿಗಂತೂ ಮುಂದಿನ ಎಷ್ಟೋ ವರ್ಷಗಳ ಆಟಗಳು ಮುಂಗಡವಾಗಿಯೇ ನಿಶ್ಚಯವಾಗಿರುತ್ತವೆ. ಈಚೆಗೆ ಕಾಲಮಿತಿಯ ಆಟಗಳು ಬಂದಿವೆಯಾದರೂ, ಚೌಕಿಯಲ್ಲಿ ಗಣಪತಿಯ ಪೂಜೆಯಿಂದ ತೊಡಗಿ ಮಂಗಳಪದದಲ್ಲಿ ಮುಗಿಯುವ ಅದರ ಸೇವಾಸ್ವರೂಪ ಹಾಗೆಯೇ ಉಳಿದಿದೆ.

ಭಾಗವತನು ಮಂಗಳವನ್ನು ಹಾಡುವಾಗ ನೆರೆದವರೆಲ್ಲ ಕೈಮುಗಿಯುತ್ತಾರೆ. ಯಾವ ದೇವಿಯ ಮೇಳ, ಯಾರ ಮನೆಯ ಹರಕೆ, ವೇಷಧಾರಿಗಳು ಯಾರಾರು ಎಂಬುದೆಲ್ಲ ಎಲ್ಲರಿಗೂ ತಿಳಿದಿರುತ್ತದೆ. ಆದರೆ ಅಷ್ಟು ಹೊತ್ತೂ ಹಾಡಿದ ಪದಗಳನ್ನು ಕಟ್ಟಿದ ಕವಿ ಯಾರೆಂದು ಕೇಳಿದರೆ ಉತ್ತರ ಕೊಡುವವರು ವಿರಳ. ಇದು ಕೃತಘ್ನತೆಯೆಂದು ಹೇಳಲಾಗದು. ಪದವು ದೇವಿಗೆ ಸಂದಿತು, ಆಟವು ದೇವಿಗೆ ಸಂದಿತು. ನಡುವೆ ಕವಿಯ ಹೆಸರನ್ನು ಕೇಳಬೇಕೆಂಬುದೇ ಯಾರಿಗೂ ತೋಚುವುದಿಲ್ಲ. ಆ ಕವಿ ಬದುಕಿದ್ದಾಗ ಇದನ್ನು ಹೇಗೆ ಎಣಿಸಿದ್ದಿರಬಹುದು? ತನ್ನ ಹೆಸರು ಅಳಿದು ಪದ ಉಳಿಯುವುದನ್ನು ಆತ ಬಯಸಿದ್ದನೆ, ಅಥವಾ ವಿಧಿಯಿಲ್ಲದೆ ಒಪ್ಪಿದ್ದನೆ?

ಸಾಹಿತ್ಯದ ವಿದ್ಯಾರ್ಥಿಗಳು ಆಗಾಗ ಒಂದು ಸಂದೇಹವನ್ನು ಮುಂದಿಡುತ್ತಾರೆ. ಭಕ್ತಕವಿಗಳು ಸಾಮಾನ್ಯವಾಗಿ, ಬರೆದವನು ತಾನಲ್ಲ, ದೇವನೇ ಬರೆಯಿಸಿದನು ಎನ್ನುತ್ತಾರಷ್ಟೆ. ಹಾಗಿದ್ದಲ್ಲಿ ಬರೆದುದನ್ನು ಹೊಡೆದುಹಾಕಿ ತಿದ್ದಿದವನು ಯಾರು? ಪ್ರಾಸವು ಕೂಡದೆ ಮೂರು ದಿನ ಚಡಪಡಿಸಿದವನು ಯಾರು? ಈ ಪ್ರಶ್ನೆ ಅವಿನಯದ್ದೆಂದು ಕೆಲವು ಹಿರಿಯರಿಗೆ ತೋರುವುದುಂಟು. ನನಗೆ ಹಾಗೆ ತೋರುವುದಿಲ್ಲ. ಶ್ರದ್ಧೆಯುಳ್ಳ ಲೇಖಕನ ಕಷ್ಟವೂ ಆತನಿಗೆ ದೊರಕುವ ಸಾರ್ಥಕ್ಯವೂ ಈ ಪ್ರಶ್ನೆಯೊಳಗೇ ಅಡಗಿವೆ. ಆದುದರಿಂದ ಪ್ರಕೃತ ಲೇಖನದಲ್ಲಿ ಅಂಕಿತವೆಂಬುದನ್ನು ಹಿಡಿದುಕೊಂಡು ಈ ವಿಷಯವನ್ನು ಕೊಂಚ ವಿವೇಚಿಸಬಹುದು.

ವಚನಗಳ ಅಂಕಿತ ಅಥವಾ ಮುದ್ರಿಕೆ ನಮ್ಮ ವಾಚಕರಿಗೆ ಅಪರಿಚಿತವಲ್ಲ. ಬಸವಣ್ಣನವರದು ಕೂಡಲಸಂಗಮದೇವ, ಅಲ್ಲಮಪ್ರಭುಗಳದು ಗುಹೇಶ್ವರ, ಅಕ್ಕಮಹಾದೇವಿಯದು ಚೆನ್ನಮಲ್ಲಿಕಾರ್ಜುನ. ಬರೆದವರ ಹೆಸರು ಬರಬೇಕಾದ ಸ್ಥಳದಲ್ಲಿ ಇಷ್ಟದೈವದ ಹೆಸರು ಬರುತ್ತದೆ. ಇದನ್ನು ಕೇವಲ ವಿನಯವೆಂದು ವ್ಯಾಖ್ಯಾನಿಸುವುದು ರೂಢಿಯಾಗಿದೆ. ಆದರೆ ಅಂಕಿತದ ಕೆಲಸ ಅಷ್ಟಕ್ಕೇ ಮುಗಿಯುವುದಿಲ್ಲ. ವಚನವೆಂಬುದು ಒಬ್ಬರಿಗೆ ಆಡಿದ ಮಾತು. ಆ ಮಾತನ್ನು ಯಾರ ಮುಂದೆ ಆಡಿದೆನೆಂಬುದನ್ನು ಅಂಕಿತವು ಹೇಳುತ್ತದೆ. ಸಾಕ್ಷಿಯ ಹೆಸರನ್ನು ಮಾತಿನ ಕೊನೆಗೆ ಬರೆದಂತೆ ಅದು. ಸಾಕ್ಷಿಯು ಎದುರಿಗಿರುವಾಗ ಸುಳ್ಳನ್ನು ಆಡುವುದು ಕಷ್ಟ. ಇಲ್ಲದ ಅನುಭವವನ್ನು ಉಂಟೆಂದು ಹೇಳುವುದು ಮತ್ತೂ ಕಷ್ಟ. ಹೀಗಾಗಿ ಅಂಕಿತವು ವಚನಕಾರನಿಗೆ ಆಶ್ರಯವೆಂತೋ ಅಂತೆಯೇ ಅಂಕುಶವೂ ಆಯಿತು.

ಇಲ್ಲಿ ಗಮನಾರ್ಹವಾದ ಒಂದು ಸಂಗತಿಯಿದೆ. ಕರ್ನಾಟಕ ಸರ್ಕಾರವು 1993ರಲ್ಲಿ ಹದಿನೈದು ಸಂಪುಟಗಳಲ್ಲಿ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳನ್ನು ತಿರುವಿದರೆ, ಅಂಕಿತವು ಮಾತ್ರ ಉಳಿದು ಕರ್ತೃವಿನ ಹೆಸರು ತಿಳಿಯದ ವಚನಗಳು ಕಾಣಸಿಗುತ್ತವೆ. ಅಲ್ಲಿ ದೇವರ ಹೆಸರಿದೆ, ಮನುಷ್ಯನ ಹೆಸರಿಲ್ಲ. ಆತ ಗಂಡೋ ಹೆಣ್ಣೋ, ಯಾವ ಕಾಯಕದವನೋ, ಯಾವ ಊರಿನವನೋ ಗೊತ್ತಾಗದು. ಗೊತ್ತಿರುವುದು ಇಷ್ಟೇ: ಒಂದು ದಿನ ಆ ಜೀವ ಒಂದು ಮಾತನ್ನು ತೂಗಿ ನೋಡಿ, ಇಷ್ಟು ಸಾಕೆಂದು ನಿಲ್ಲಿಸಿ, ತನ್ನ ದೈವದ ಹೆಸರನ್ನು ಹೇಳಿತು. ಎಲ್ಲಿ ನಿಲ್ಲಿಸಬೇಕೆಂಬ ತಿಳಿವಳಿಕೆ ಮಾತ್ರ ಆ ಮನುಷ್ಯನದೇ ಆಗಿತ್ತು. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದಳೆಂಬ ಕಥೆ ಪ್ರಸಿದ್ಧವಾಗಿದೆ. ಬರೆಯುವ ಮನೆಯಲ್ಲಿಯೂ ಒಬ್ಬ ಲಕ್ಕಮ್ಮ ಇರಬೇಕಾಗುತ್ತದೆ. ಭಕ್ತಿಯ ಬರವಣಿಗೆಯಲ್ಲಿ ಹೆಚ್ಚಾಗಿ ಕೆಡುವುದು ಕೊರತೆಯಿಂದಲ್ಲ, ಅತಿಯಿಂದ.

ಇನ್ನು ಅಂಬಿಗರ ಚೌಡಯ್ಯನ ವಿಚಾರ. ಈ ಶರಣನು ಮಾತ್ರ ತನ್ನ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡನು. ಮೇಲೆ ಹೇಳಿದ ಮಾತಿಗೆ ಇದು ಎದುರಾಗಿ ನಿಲ್ಲುತ್ತದೆ. ಇದನ್ನು ಮರೆಮಾಚಿ ಮುಂದೆ ಹೋಗುವುದು ನ್ಯಾಯವಲ್ಲ. ಆತನಿಗೆ ಭಕ್ತಿ ಕಡಮೆಯಾಗಿತ್ತೆಂದು ಯಾರೂ ಹೇಳಿಲ್ಲ. ಆತನ ಮಾತು ನಿಷ್ಠುರವಾದುದು. ವೇಷಧಾರಿಗಳನ್ನೂ ಡಂಭಾಚಾರಿಗಳನ್ನೂ ಆತ ಎಗ್ಗಿಲ್ಲದೆ ಜರೆದವನು. ಅಂಥ ಮಾತಿಗೆ ದೇವರ ಹೆಸರಿನ ಮರೆ ಬೇಡ, ಪೆಟ್ಟು ಬಂದರೆ ನನ್ನ ಮೇಲೆಯೇ ಬರಲಿ ಎಂಬ ಭಾವ ಆತನಲ್ಲಿ ಇದ್ದಿರಬಹುದೆಂದು ನಾನು ಊಹಿಸುತ್ತೇನೆ. ಇದು ಊಹೆ ಮಾತ್ರ. ಆದರೂ, ಹೆಸರನ್ನು ಬಿಡುವುದು ಹೇಗೆ ಒಂದು ತ್ಯಾಗವೋ ಹಾಗೆಯೇ ಹೆಸರನ್ನು ಒಡ್ಡುವುದೂ ಕೆಲವೆಡೆ ತ್ಯಾಗವೇ ಆದೀತೆಂಬುದನ್ನು ಚೌಡಯ್ಯನು ನೆನಪಿಸುತ್ತಾನೆ.

ಹೆಸರಿನ ತೊಡಕಿಗಿಂತ ತೀವ್ರವಾದುದು ವಸ್ತುವಿನ ತೊಡಕು. ಶ್ರದ್ಧೆಯು ಒಂದು ಕಡೆಗೆ ಎಳೆಯುತ್ತದೆ, ಪ್ರತಿಭೆಯು ಮತ್ತೊಂದು ಕಥೆಯ ಬೆನ್ನುಹತ್ತುತ್ತದೆ. ಇದಕ್ಕೆ ನಮ್ಮ ಪರಂಪರೆಯಲ್ಲಿಯೇ ಒಂದು ಮಾರ್ಮಿಕವಾದ ನಿದರ್ಶನವಿದೆ. ಹರಿಹರನು ಹೊಯ್ಸಳರ ಆಸ್ಥಾನದ ಕರಣಿಕವೃತ್ತಿಯನ್ನು ಬಿಟ್ಟು ಹಂಪೆಯ ವಿರೂಪಾಕ್ಷನ ಸನ್ನಿಧಿಗೆ ಬಂದು ನೆಲೆಸಿದನೆಂದು ಐತಿಹ್ಯ. ನರಸ್ತುತಿಯನ್ನು ಆತ ಒಲ್ಲೆನೆಂದನು. ಶಿವಶರಣರ ಚರಿತ್ರೆಗಾಗಿ ರಗಳೆಯನ್ನು ಹೊಸ ಮಾಧ್ಯಮವಾಗಿ ಬೆಳೆಯಿಸಿದನು. ಆತನ ಸೋದರಳಿಯ ರಾಘವಾಂಕನು ಷಟ್ಪದಿಯಲ್ಲಿ ಹರಿಶ್ಚಂದ್ರನ ಕಥೆಯನ್ನು ಬರೆದನು. ಶರಣರನ್ನು ಬಿಟ್ಟು ಒಬ್ಬ ರಾಜನ ಕಥೆಯನ್ನು ಹಾಡಿದನೆಂದು ಮಾವನು ಕೆರಳಿ ಹೊಡೆಯಲು ಅಳಿಯನ ಐದು ಹಲ್ಲುಗಳು ಉದುರಿದುವೆಂದೂ, ಅನಂತರ ಸೋಮನಾಥಚರಿತೆ, ಸಿದ್ಧರಾಮಚರಿತೆ, ವೀರೇಶಚರಿತೆ ಮುಂತಾಗಿ ಒಂದೊಂದೇ ಶಿವಕಾವ್ಯವನ್ನು ಬರೆದಂತೆ ಒಂದೊಂದೇ ಹಲ್ಲು ಮರಳಿ ಬಂದುವೆಂದೂ ಹಿಂದಿನವರು ಹೇಳುತ್ತ ಬಂದಿದ್ದಾರೆ.

ಇದು ಇತಿಹಾಸವೆ ಎಂದು ವಾದಿಸುವುದರಿಂದ ಪ್ರಯೋಜನವಿಲ್ಲ. ಹಲ್ಲು ಹೋದವನಿಗೆ ಉಚ್ಚಾರ ಕೆಡುತ್ತದೆ. ಕವಿಗೆ ಉಚ್ಚಾರವೇ ಸರ್ವಸ್ವ. ಗುರುವಿನ ಅಸಮ್ಮತಿಯು ಶಿಷ್ಯನ ನುಡಿಯನ್ನೇ ಕೆಡಿಸಬಲ್ಲುದೆಂಬ ಅನುಭವವನ್ನು ಯಾರೋ ಬಲ್ಲವರು ಈ ಕಥೆಯಲ್ಲಿ ಇಟ್ಟಿದ್ದಾರೆ. ಸ್ವಾರಸ್ಯದ ಸಂಗತಿಯೆಂದರೆ, ಹರಿಶ್ಚಂದ್ರಕಾವ್ಯವು ಶಿವಭಕ್ತಿಗೆ ಹೊರತಾದ ಕಾವ್ಯವೇ ಅಲ್ಲ. ಸತ್ಯವನ್ನೂ ಹರನನ್ನೂ ಅಭಿನ್ನವಾಗಿ ಕಂಡ ಕವಿ ಅದನ್ನು ಬರೆದಿದ್ದಾನೆ. ಹಂಪೆಯ ವಿರೂಪಾಕ್ಷನೇ ಅದಕ್ಕೆ ಹಿನ್ನೆಲೆಯಾಗಿ ನಿಂತಿದ್ದಾನೆ. ಮಾವನಿಗೆ ವಸ್ತುವು ಕಂಡಿತು, ಅಳಿಯನಿಗೆ ತತ್ತ್ವವು ಕಂಡಿತು. ಇಬ್ಬರೂ ಭಕ್ತರೇ. ರಾಘವಾಂಕನು ಆಜ್ಞೆಗೆ ತಲೆಬಾಗಿ ಶಿವಕಾವ್ಯಗಳನ್ನು ಬರೆದನು, ಆದರೆ ಹರಿಶ್ಚಂದ್ರನನ್ನು ಸುಡಲಿಲ್ಲ; ಕನ್ನಡಿಗರು ಇಂದಿಗೂ ಆತನನ್ನು ಮೊದಲು ನೆನೆಯುವುದು ಆ ಕೃತಿಯಿಂದಲೇ. ಮಠಮಾನ್ಯಗಳು ಲೇಖಕರಿಗೆ ಆಶ್ರಯವಿತ್ತುದನ್ನು ಹೆಮ್ಮೆಯಿಂದ ನೆನೆಯುವ ನಾವು, ಆಶ್ರಯವಿತ್ತವರಿಂದಲೇ ಕೆಲವೊಮ್ಮೆ ಹಲ್ಲು ಉದುರಿತೆಂಬುದನ್ನೂ ನೆನೆಯುವುದು ಒಳ್ಳೆಯದು.

ಸುಟ್ಟವರೂ ಇದ್ದಾರೆ. ಇಂಗ್ಲೆಂಡಿನ ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್ ಎಂಬ ಕವಿ 1868ರಲ್ಲಿ ಜೆಸುಯಿಟ್ ಸಂಘವನ್ನು ಸೇರುವಾಗ, ಕಾವ್ಯವು ಸಂನ್ಯಾಸಕ್ಕೆ ತಕ್ಕುದಲ್ಲವೆಂದು ಬಗೆದು, ತಾನು ಅದುವರೆಗೆ ಬರೆದ ಕವಿತೆಗಳನ್ನು ಬೆಂಕಿಗೆ ಹಾಕಿದನು. ಏಳು ವರ್ಷ ಬಹುಮಟ್ಟಿಗೆ ಮೌನವಾಗಿದ್ದನು. 1875ರಲ್ಲಿ ಹಡಗೊಂದು ಒಡೆದು ಕ್ರೈಸ್ತ ಸಂನ್ಯಾಸಿನಿಯರು ಮುಳುಗಿಹೋದಾಗ, ಯಾರಾದರೂ ಇದನ್ನು ಕುರಿತು ಬರೆದರೆ ಚೆನ್ನಾಗಿತ್ತೆಂದು ಹಿರಿಯರೊಬ್ಬರು ಸೂಚಿಸಿದ ಬಳಿಕವೇ ಆತ ಮತ್ತೆ ಲೇಖನಿಯನ್ನು ಎತ್ತಿದ್ದು. ಆ ದೀರ್ಘಕವನವನ್ನು ಆತನ ಸಂಘದವರೇ ನಡೆಸುತ್ತಿದ್ದ ಮಾಸಪತ್ರಿಕೆ ಪ್ರಕಟಿಸಲಿಲ್ಲ. ಧಾರ್ಮಿಕ ಮಾಸಪತ್ರಿಕೆಯೊಂದರಲ್ಲಿ ಈ ಮಾತನ್ನು ಬರೆಯುವಾಗ ನನಗೆ ಕೊಂಚ ಸಂಕೋಚವಾಗುತ್ತಿದೆ, ಆದರೂ ಬರೆಯತಕ್ಕುದೇ. ಆತ 1889ರಲ್ಲಿ ತೀರಿಕೊಂಡನು. ಗೆಳೆಯ ರಾಬರ್ಟ್ ಬ್ರಿಜಸ್ ಆ ಕವಿತೆಗಳನ್ನು ಪುಸ್ತಕವಾಗಿ ಹೊರತಂದುದು 1918ರಲ್ಲಿ.

ಮತ್ತೆ ನಮ್ಮ ಕರಾವಳಿಗೆ ಬರೋಣ. ಬಾಳೆಬರೆ ಘಾಟಿಯ ಮೇಲೆ ಬಿದನೂರಿನಲ್ಲಿ ಬಸಪ್ಪನಾಯಕನು 1709ರಲ್ಲಿ ಶಿವತತ್ತ್ವರತ್ನಾಕರವೆಂಬ ಬೃಹತ್ತಾದ ವಿಶ್ವಕೋಶವನ್ನು ಸಂಸ್ಕೃತದಲ್ಲಿ ರಚಿಸಿದನು. ಅದು ಅರಸು ತನ್ನ ಮಗ ಸೋಮಶೇಖರನಿಗೆ ಬೋಧಿಸಿದಂತೆ ಇದೆ. ವೀರಶೈವ ರಾಜನೊಬ್ಬನ ಈ ವಿದ್ವತ್ತು ಸ್ತುತ್ಯವೇ. ಆದರೆ ಓಲೆಗೂ ಲಿಪಿಕಾರರಿಗೂ ಕೊರತೆಯಿಲ್ಲದ ಅರಮನೆಯ ಕೃತಿಯಿಂದ ನಮ್ಮ ಪ್ರಶ್ನೆಗೆ ಹೆಚ್ಚಿನ ಬೆಳಕು ದೊರೆಯಲಾರದು. ಘಾಟಿಯ ಕೆಳಗೆ, ಕುಂದಾಪುರದ ಸಮೀಪದ ಹೂವಿನಕೆರೆಯಲ್ಲಿ ಹುಟ್ಟಿ ಸೋದೆಯ ಮಠಾಧೀಶರಾದ ವಾದಿರಾಜರು ಮಾಧ್ವಮತದವರು. ಸಂಸ್ಕೃತದಲ್ಲಿ ರುಕ್ಮಿಣೀಶವಿಜಯದಂಥ ಮಹಾಕಾವ್ಯವನ್ನು ಬರೆಯಬಲ್ಲ ಆ ಯತಿಗಳು ಹಯವದನ ಎಂಬ ಅಂಕಿತದಲ್ಲಿ ಕನ್ನಡದ ಹಾಡುಗಳನ್ನು ಕಟ್ಟಿದರು. ಪಂಡಿತರ ಮನ್ನಣೆಗೆ ಸಂಸ್ಕೃತವೇ ಮಾರ್ಗವಾಗಿದ್ದ ಕಾಲ ಅದು. ಅವರ ಲಕ್ಷ್ಮೀಶೋಭಾನೆಯನ್ನು ಮದುವೆಮನೆಗಳಲ್ಲಿ ಹೆಂಗಸರು ಪುಸ್ತಕದ ನೆರವಿಲ್ಲದೆ ಇಂದಿಗೂ ಹಾಡುತ್ತಾರೆ. ವ್ಯಾಖ್ಯಾನವನ್ನು ಬೇಡದೆ ನಾಲಗೆಯ ಮೇಲೆ ಉಳಿಯುವ ಇಂಥ ಆಯುಸ್ಸು ಮಹಾಕಾವ್ಯಗಳಿಗೂ ದುರ್ಲಭ.

ಆದರೆ ಈ ಸೀಮೆಯಲ್ಲಿ ಭಕ್ತಲೇಖಕನ ಕಷ್ಟವನ್ನು ಕಾಣಬಯಸುವವರು ಮುದ್ದಣನ ಬಳಿಗೇ ಹೋಗಬೇಕು. ಕಾರ್ಕಳ ಸೀಮೆಯ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪನು ಬಡತನದಿಂದ ಹೆಚ್ಚಿನ ವಿದ್ಯಾಭ್ಯಾಸವನ್ನು ಮಾಡಲಾಗದೆ, ಮದ್ರಾಸಿನಲ್ಲಿ ವ್ಯಾಯಾಮದ ತರಬೇತಿಯನ್ನು ಪಡೆದು, ಉಡುಪಿಯಲ್ಲಿ ಶಾಲೆಯ ಮಕ್ಕಳಿಗೆ ಕಸರತ್ತು ಕಲಿಸುವ ಕೆಲಸಕ್ಕೆ ಸೇರಿದನು. ಕೆಲಕಾಲ ಕುಂದಾಪುರದಲ್ಲಿಯೂ ಆತನ ನೌಕರಿ ನಡೆಯಿತು. ಹಗಲು ಕಸರತ್ತಿನ ಮೇಷ್ಟರು, ಇರುಳು ಹಳಗನ್ನಡದ ಕವಿ. ಅಲ್ಪ ಸಂಬಳ, ಆಮೇಲೆ ಕ್ಷಯರೋಗ. 1901ರ ಫೆಬ್ರವರಿಯಲ್ಲಿ, ಮೂವತ್ತೊಂದರ ಹರೆಯದಲ್ಲಿ, ಆತ ತೀರಿಕೊಂಡನು.

ಈ ಅಲ್ಪಾಯುಷಿಯು ಮೊದಲು ರತ್ನಾವತೀ ಕಲ್ಯಾಣ, ಕುಮಾರವಿಜಯ ಎಂಬ ಎರಡು ಯಕ್ಷಗಾನಪ್ರಸಂಗಗಳನ್ನು ಬರೆದನು. ಕುಮಾರವಿಜಯವು ಷಣ್ಮುಖನ ಜನನವನ್ನೂ ದಾನವರ ಸಂಹಾರವನ್ನೂ ಹೇಳುವ ಶೈವಕಥೆ. ಆಮೇಲೆ ಆತನ ಚಿತ್ತವು ರಾಮಕಥೆಯಲ್ಲಿ ನೆಲೆಸಿತು. ಗದ್ಯದಲ್ಲಿ ಅದ್ಭುತರಾಮಾಯಣ, ವಾರ್ಧಕ ಷಟ್ಪದಿಯಲ್ಲಿ ಶ್ರೀರಾಮಪಟ್ಟಾಭಿಷೇಕ, ಕೊನೆಗೆ ಶ್ರೀರಾಮಾಶ್ವಮೇಧ. ಮೊದಲಿನ ಎರಡು 1895-96ರಲ್ಲಿ ಮೈಸೂರಿನ ಕಾವ್ಯಮಂಜರಿಯಲ್ಲಿ ಅಚ್ಚಾದುವು. ಶ್ರೀರಾಮಾಶ್ವಮೇಧವು 1899ರಿಂದ 1901ರವರೆಗೆ ಕರ್ನಾಟಕ ಕಾವ್ಯಕಲಾನಿಧಿಯಲ್ಲಿ ಬೆಳಕು ಕಂಡಿತು. ಈ ಮಾಲಿಕೆಗಳು ಮುಖ್ಯವಾಗಿ ಪ್ರಾಚೀನ ಕಾವ್ಯಗಳನ್ನು ಬೆಳಕಿಗೆ ತರಲೆಂದು ಹುಟ್ಟಿದವು. ಮುದ್ದಣನು ತನ್ನ ಕೃತಿಗಳನ್ನು ತನ್ನದೆಂದು ಹೇಳದೆ, ಹಳೆಯ ಕವಿಯ ಕಾವ್ಯಗಳು ದೊರೆತಿವೆಯೆಂಬಂತೆ ಕಳುಹಿಸಿದನು. ನಿಜವಾದ ಕರ್ತೃವು ಯಾರೆಂಬುದು ಲೋಕಕ್ಕೆ ಸ್ಪಷ್ಟವಾದದ್ದು ಆತ ಕಣ್ಮುಚ್ಚಿದ ಮೇಲೆ.

ಇದನ್ನು ಭಕ್ತಿಯ ನಿರಹಂಕಾರವೆಂದು ಹೊಗಳುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಾಗದು. ಕರಾವಳಿಯ ಮೂಲೆಯ ಕಸರತ್ತಿನ ಮೇಷ್ಟರೊಬ್ಬರು ಹಳಗನ್ನಡದಲ್ಲಿ ಹೊಸ ಕಾವ್ಯವನ್ನು ಬರೆದಿದ್ದಾರೆಂದರೆ ಮೈಸೂರಿನ ಪಂಡಿತರು ತೆರೆದು ನೋಡುವರೆ ಎಂಬ ಅಂಜಿಕೆ ಸಹಜವಾಗಿತ್ತು. ಹಳೆಯದೆಂದರೆ ಗೌರವ, ಹೊಸದೆಂದರೆ ಸಂಶಯ. ವಚನಕಾರನು ಹೆಸರನ್ನು ಅರ್ಪಿಸಿದನು; ಮುದ್ದಣನು ಹೆಸರನ್ನು ಅಡಗಿಸಿದನು. ಹೊರನೋಟಕ್ಕೆ ಎರಡೂ ಒಂದೇ, ಎರಡು ಕಡೆಯಲ್ಲಿಯೂ ಕರ್ತೃವಿನ ಹೆಸರು ಕಾಣದು. ಆದರೆ ಅರ್ಪಿಸಿದವನಿಗೆ ಹಗುರವಾಗುತ್ತದೆ, ಅಡಗಿಸಿದವನಿಗೆ ಭಾರವಾಗುತ್ತದೆ. ಮೆಚ್ಚುಗೆ ಬಂದರೆ ಅದು ಇಲ್ಲದ ಪುರಾತನ ಕವಿಗೆ ಸಲ್ಲುವುದು. ತೆಗಳಿಕೆ ಬಂದರೆ ಮಾತ್ರ ತನಗೆ ನಾಟುವುದು. ಇಂಥ ಇಕ್ಕಟ್ಟಿನಲ್ಲಿ ಒಬ್ಬ ಮನುಷ್ಯ ವರ್ಷಗಟ್ಟಲೆ ಬರೆಯುತ್ತಿದ್ದನೆಂಬುದನ್ನು ನೆನೆದರೆ ಮನಸ್ಸು ಮರುಗುತ್ತದೆ.

ಹೀಗಿದ್ದರೂ ಬರೆಯುವ ಸಂತೋಷವು ಆತನಿಗೆ ದೊರೆಯದೆ ಹೋಗಲಿಲ್ಲ. ಅದಕ್ಕೆ ಶ್ರೀರಾಮಾಶ್ವಮೇಧವೇ ಸಾಕ್ಷಿ. ಮಳೆಗಾಲದ ಒಂದು ಸಂಜೆ ಕವಿಯು ಅರಮನೆಯಿಂದ ಮನೆಗೆ ಬರುತ್ತಾನೆ. ಮಡದಿ ಮನೋರಮೆ ಉಪಚರಿಸಿ, ಕಥೆಯನ್ನು ಹೇಳೆಂದು ಕೇಳುತ್ತಾಳೆ. ಯಾವ ಕಥೆ, ಯಾವ ಬಗೆಯ ರಚನೆ ಎಂಬುದನ್ನೂ ಅವಳೇ ಆರಿಸುತ್ತಾಳೆ. ಪದ್ಯವು ಬೇಡ, ಗದ್ಯದಲ್ಲಿ ಹೇಳೆನ್ನುತ್ತಾಳೆ. ನಡುನಡುವೆ ತಡೆಯುತ್ತಾಳೆ, ಕೆಣಕುತ್ತಾಳೆ, ಸಂಸ್ಕೃತದ ಬಿಗಿ ಹೆಚ್ಚಾದರೆ ಗೊಣಗುತ್ತಾಳೆ. ಆ ಮಳೆಯು ಅಮಾಸೆಬೈಲಿನವರಿಗೂ ನಂದಳಿಕೆಯವರಿಗೂ ಪುಸ್ತಕದಲ್ಲಿ ಓದಿ ತಿಳಿಯಬೇಕಾದ ಮಳೆಯಲ್ಲ. ಅರಮನೆಯು ಕಲ್ಪನೆ, ಆಸ್ಥಾನವು ಕಲ್ಪನೆ. ಮಳೆ, ಹಸಿವು, ಎದುರು ಕುಳಿತು ಕೇಳುವ ಜೀವ, ಇವು ಮಾತ್ರ ದಿಟ. ರಾಮನ ಯಾಗದ ಕುದುರೆಯ ಪವಿತ್ರಕಥೆಯನ್ನು ಹೇಳುತ್ತಿರುವಾಗಲೇ ಗಂಡಹೆಂಡಿರ ಸರಸಕ್ಕೆ ಎಡೆಯಿತ್ತುದು ಆ ಕಾಲಕ್ಕೆ ಸಾಮಾನ್ಯವಾದ ಧೈರ್ಯವಲ್ಲ. ಇದರಿಂದ ರಾಮಭಕ್ತಿಗೆ ಊನವಾಯಿತೆಂದು ಯಾರಿಗೂ ಅನಿಸಿಲ್ಲ. ಭಕ್ತಿಯನ್ನು ಬರೆಯುವವನು ಸದಾ ಮುಖ ಬಿಗಿದುಕೊಂಡಿರಬೇಕೆಂಬ ನಿಯಮವನ್ನು ಮುದ್ದಣನು ಸದ್ದಿಲ್ಲದೆ ಮುರಿದನು.

ಇಲ್ಲಿ ಮನೋರಮೆಯನ್ನು ಕೇವಲ ಶೃಂಗಾರಕ್ಕಾಗಿ ತಂದ ಪಾತ್ರವೆಂದು ಭಾವಿಸಬಾರದು. ತನ್ನ ನಿಜವಾದ ಹೆಸರನ್ನು ಹೇಳಿಕೊಂಡು ಒಬ್ಬ ಪಂಡಿತನ ಅಭಿಪ್ರಾಯವನ್ನು ಕೇಳುವ ಭಾಗ್ಯವಿಲ್ಲದ ಕವಿಯು, ಕೃತಿಯೊಳಗೇ ಒಬ್ಬ ವಿಮರ್ಶಕಿಯನ್ನು ಸೃಷ್ಟಿಸಿಕೊಂಡನು. ಅವಳು ಮೆಚ್ಚಿದರೆ ಮುಂದೆ ಸಾಗುತ್ತಾನೆ. ಅವಳಿಗೆ ಬೇಸರವಾದರೆ ದಾರಿಯನ್ನು ಬದಲಿಸುತ್ತಾನೆ. ಕೇಳುವವರಿಲ್ಲವೆಂದು ಹಲುಬುವ ಇಂದಿನ ತರುಣ ಲೇಖಕರು ಈ ಉಪಾಯವನ್ನು ಗಮನಿಸಬಹುದು.

ಹೆಸರು ಅಳಿಯುವುದಕ್ಕೆ ಕವಿಯೇ ಕಾರಣನಾಗಬೇಕೆಂದೂ ಇಲ್ಲ. ಯಕ್ಷಗಾನದ ರಾಮಾಯಣಪ್ರಸಂಗಗಳ ವಿಷಯ ಇದಕ್ಕೆ ಒಳ್ಳೆಯ ಉದಾಹರಣೆ. ಕಾಸರಗೋಡಿನ ಕುಂಬಳೆಯ ಪಾರ್ತಿಸುಬ್ಬನು ಅವುಗಳ ಕರ್ತೃವೆಂಬುದು ಬಹುಕಾಲದ ನಂಬಿಕೆ. ಕೋಟದ ಶಿವರಾಮ ಕಾರಂತರು ಇದನ್ನು ಪ್ರಶ್ನಿಸಿ, ಅವು ಅಜಪುರದ, ಅಂದರೆ ಬ್ರಹ್ಮಾವರದ, ಸುಬ್ಬನೆಂಬವನ ರಚನೆಗಳೆಂದು ವಾದಿಸಿದರು. ಕುಕ್ಕಿಲ ಕೃಷ್ಣಭಟ್ಟರು ಕುಂಬಳೆಯ ಪಕ್ಷವನ್ನು ಹಿಡಿದು ವಿದ್ವತ್ಪೂರ್ಣವಾಗಿ ಎದುರುತ್ತರವನ್ನು ಕೊಟ್ಟರು. ಈ ವಾದವು ನಡೆಯುತ್ತಿದ್ದ ವರ್ಷಗಳಲ್ಲಿಯೂ ಆ ಪದಗಳನ್ನು ಭಾಗವತರು ಎರಡೂ ಊರುಗಳಲ್ಲಿ ನಿಶ್ಚಿಂತೆಯಿಂದ ಹಾಡುತ್ತಿದ್ದರು. (ಕಾರಂತರು ಸಾಂಪ್ರದಾಯಿಕ ಅರ್ಥದಲ್ಲಿ ಆಸ್ತಿಕರಲ್ಲ. ಆದರೂ ದೇವಸ್ಥಾನಗಳ ಅಂಗಳದಲ್ಲಿ ಬೆಳೆದ ಈ ಕಲೆಗಾಗಿ ಅವರು ಪಟ್ಟ ಶ್ರಮ ಅನೇಕ ಆಸ್ತಿಕರು ಪಟ್ಟುದಕ್ಕಿಂತ ಹೆಚ್ಚು. ಅವರ ಯಕ್ಷಗಾನ ಬಯಲಾಟ ಎಂಬ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು.)

ಪ್ರಸಂಗಕವಿಯ ಶ್ರಮವು ಎಂಥದೆಂಬುದನ್ನು ಪುಸ್ತಕವನ್ನು ಮಾತ್ರ ಓದುವವರು ಅರಿಯಲಾರರು. ಆತ ಬರೆಯುವುದು ಪದಗಳನ್ನು ಮಾತ್ರ. ಪಾತ್ರಗಳ ಮಾತನ್ನು ವೇಷಧಾರಿಗಳು ರಂಗದ ಮೇಲೆಯೇ ಹೊಸದಾಗಿ ಆಡುತ್ತಾರೆ. ಪದವು ಇಂಥ ರಾಗಕ್ಕೆ, ಇಂಥ ತಾಳಕ್ಕೆ ಒಗ್ಗಬೇಕು. ಮದ್ದಳೆಗೂ ಕುಣಿತಕ್ಕೂ ಎಡೆಕೊಡಬೇಕು. ಅರ್ಥಧಾರಿಗೆ ಮಾತು ಬೆಳೆಯಿಸಲು ಬೇಕಾದಷ್ಟನ್ನು ಹೇಳಿ ಉಳಿದುದನ್ನು ಹೇಳದೆ ಬಿಡಬೇಕು. ಎಲ್ಲವನ್ನೂ ತಾನೇ ಹೇಳಿಬಿಡುವ ಕವಿಯ ಪ್ರಸಂಗವು ರಂಗದಲ್ಲಿ ಸೋಲುತ್ತದೆ. ಆಮೇಲೆ ಭಾಗವತನು ಸಮಯವನ್ನು ನೋಡಿ ಪದಗಳನ್ನು ಬಿಡುವನು. ಬೇರೆ ಪ್ರಸಂಗದ ಪದವನ್ನು ಸೇರಿಸುವುದೂ ಉಂಟು. ತನ್ನ ಕೃತಿಯು ತನ್ನ ಕಣ್ಣೆದುರಿಗೇ ಬೇರೆಯಾಗುವುದನ್ನು ಸಹಿಸುವ ಶಕ್ತಿ ಈ ಕವಿಗೆ ಇರಬೇಕು. ಶೂನ್ಯಸಂಪಾದನೆಯನ್ನು ಸಂಕಲಿಸಿದ ಗೂಳೂರ ಸಿದ್ಧವೀರಣ್ಣ ಮೊದಲಾದವರಲ್ಲಿಯೂ ಇದನ್ನೇ ಹೋಲುವ ಇನ್ನೊಂದು ಬಗೆಯ ಸಂಯಮವಿದೆ. ಅವರ ಪ್ರತಿಭೆಯು ಮುಖ್ಯವಾಗಿ ಪ್ರಕಟವಾದುದು ಶರಣರ ವಚನಗಳನ್ನು ಯಾವುದರ ಅನಂತರ ಯಾವುದು ಎಂದು ಜೋಡಿಸಿ ಸಂವಾದವಾಗಿಸಿದ ಕ್ರಮದಲ್ಲಿ.

ಆಧುನಿಕರ ಸಮಸ್ಯೆ ಕೊಂಚ ಬೇರೆ. ಇದೇ ಸೀಮೆಯ ಮೊಗೇರಿಯಲ್ಲಿ 1918ರಲ್ಲಿ ಹುಟ್ಟಿ 1992ರಲ್ಲಿ ನಿಧನರಾದ ಗೋಪಾಲಕೃಷ್ಣ ಅಡಿಗರು ವೈದಿಕ ಮನೆತನದಿಂದ ಬಂದವರು. ಅವರ ನವ್ಯಕಾವ್ಯದಲ್ಲಿ ಶ್ರದ್ಧೆಯೂ ಸಂದೇಹವೂ ಒಂದನ್ನೊಂದು ಬಿಡದೆ ಹೆಣಗುತ್ತವೆ. ಪರಂಪರೆಯನ್ನು ಕಟುವಾಗಿ ವಿಡಂಬಿಸಿದ ಕವಿಯೇ ರಾಮನವಮಿಯ ದಿನವನ್ನು ಕುರಿತು ಗಂಭೀರವಾದ ಕವಿತೆಯನ್ನು ಬರೆದರು. ಅವರನ್ನು ಭಕ್ತಕವಿಯೆಂದು ಕರೆದರೆ ಅವರ ಅಭಿಮಾನಿಗಳು ಆಕ್ಷೇಪಿಸಬಹುದು. ಅಲ್ಲವೆಂದರೆ ಕವಿತೆಯೇ ಆಕ್ಷೇಪಿಸುತ್ತದೆ. ಅನುಮಾನವು ಭಕ್ತಿಗೆ ವಿರೋಧಿಯೆಂದು ಹೇಳುವವರು ಶರಣರ ವಚನಗಳಲ್ಲಿರುವ ಸಂಕಟವನ್ನು ಎಣಿಕೆಗೆ ತೆಗೆದುಕೊಂಡಂತಿಲ್ಲ.

ಇಂದು ಭಕ್ತಿಯ ವಿಷಯವನ್ನು ಬರೆಯುವವರಿಗೆ ಎದುರಾಗುವ ದೊಡ್ಡ ಅಪಾಯ ನಿಂದೆಯಲ್ಲ, ಸುಲಭವಾದ ಹೊಗಳಿಕೆ. ಸ್ತೋತ್ರವನ್ನೋ ಕ್ಷೇತ್ರಮಹಿಮೆಯನ್ನೋ ಬರೆದು ತಂದವನಿಗೆ ಯಾರೂ ಕೊರತೆಯನ್ನು ತೋರಿಸುವುದಿಲ್ಲ. ದೇವರ ವಿಷಯವೆಂದು ಕೈಮುಗಿದು ತೆಗೆದುಕೊಳ್ಳುತ್ತಾರೆ. ನಾನೂ ಪ್ರಾಯದಲ್ಲಿ ಊರ ದೇವರನ್ನು ಕುರಿತು ಭಾಮಿನಿಯಲ್ಲಿ ಐವತ್ತು ಪದ್ಯಗಳನ್ನು ಬರೆದಿದ್ದೆ. ಊರಿನಲ್ಲಿ ಶಾಲು ಹೊದಿಸಿದರು. ಹಿರಿಯ ವಿದ್ವಾಂಸರೊಬ್ಬರು ಮಾತ್ರ, ಇದರಲ್ಲಿ ದೇವರು ಇದ್ದಾನೆ, ಊರು ಎಲ್ಲಿದೆ ಎಂದು ಕೇಳಿದರು. ನೋಡಿದೆ, ಬೈಲೂ ಇರಲಿಲ್ಲ, ಹೊಳೆಯೂ ಇರಲಿಲ್ಲ, ಮಳೆಯೂ ಇರಲಿಲ್ಲ. ಯಾವ ದೇವರ ಹೆಸರನ್ನು ಹಾಕಿದರೂ ಸಲ್ಲುವ ಪದ್ಯಗಳವು. ಅಂ‌ದು ಆ ಮಾತಿನಿಂದ ಬಹಳ ನೊಂದೆ. ಶಾಲು ಎಲ್ಲಿ ಹೋಯಿತೋ ತಿಳಿಯದು. ಆ ಪ್ರಶ್ನೆಯು ಇನ್ನೂ ಜೊತೆಯಲ್ಲಿದೆ. ಅಂಕಿತದಲ್ಲಿ ದೇವರ ಹೆಸರನ್ನಿಟ್ಟ ಮಾತ್ರಕ್ಕೆ ಬರೆದವನ ಹೊಣೆ ದೇವರ ಮೇಲೆ ಬೀಳುವುದಿಲ್ಲ. ತಪ್ಪು ತನ್ನದೆಂದು ಒಪ್ಪಿಕೊಳ್ಳದವನು, ಒಪ್ಪು ದೇವನದೆಂದು ಹೇಳುವುದರಲ್ಲಿಯೂ ಅರ್ಥವಿಲ್ಲ. ವಿದ್ಯಾರ್ಥಿಗಳು ಕೇಳಿದ ಪ್ರಶ್ನೆಗೆ ನನಗೆ ತೋಚಿದ ಸಮಾಧಾನ ಇಷ್ಟೇ.

ಫಲದ ವಿಚಾರದಲ್ಲಿ ಹೆಚ್ಚು ಹೇಳುವುದಕ್ಕಿಲ್ಲ. ಹಣವು ಈ ದಾರಿಯಲ್ಲಿ ಎಂದೂ ಹೆಚ್ಚಾಗಿ ಬಂದುದಿಲ್ಲ. ಕೀರ್ತಿಯು ಬಂದರೆ ತಡವಾಗಿ ಬರುತ್ತದೆ, ಹಲವು ವೇಳೆ ವಿಳಾಸ ತಪ್ಪಿ ಬರುತ್ತದೆ. ಉಳಿಯುವುದು ಬರೆಯುವ ಹೊತ್ತಿನ ಒಂದು ಏಕಾಗ್ರತೆ. ಜಪಕ್ಕೆ ಕುಳಿತಾಗ ಚಂಚಲವಾಗುವ ಮನಸ್ಸು ಒಂದು ಪದದ ಹುಡುಕಾಟದಲ್ಲಿ ಗಂಟೆಗಟ್ಟಲೆ ನಿಲ್ಲುವುದನ್ನು ಬರೆಯುವವರೆಲ್ಲ ಬಲ್ಲರು. ಇದನ್ನು ಕಾಯಕವೆಂದು ಕರೆಯಬಹುದೆ ಎಂಬುದನ್ನು ಅನುಭಾವಿಗಳು ಹೇಳಬೇಕು. ಕಾಯಕವಾದರೆ ಅದರ ದಾಸೋಹವು ಓದುಗರಿಗೆ, ಕೇಳುಗರಿಗೆ ಸಲ್ಲುತ್ತದೆ. ಅವರು ಉಂಡು ಹೋಗುವಾಗ ಅಡುಗೆಯವರ ಹೆಸರನ್ನು ಕೇಳುವುದಿಲ್ಲ.

ಹಳೆಯ ಓಲೆಗರಿಗಳನ್ನು ನೋಡಿದವರಿಗೆ ಒಂದು ಸಂಪ್ರದಾಯವು ಗೊತ್ತಿರುತ್ತದೆ. ಕೃತಿಯು ಮುಗಿದ ಬಳಿಕ ಕಡೆಯ ಗರಿಯಲ್ಲಿ ಲಿಪಿಕಾರನು ಎರಡು ಮಾತನ್ನು ತನ್ನ ಕಡೆಯಿಂದ ಸೇರಿಸುತ್ತಾನೆ. ತಪ್ಪುಗಳಿದ್ದರೆ ಬಲ್ಲವರು ತಿದ್ದಿ ಓದಿಕೊಳ್ಳಬೇಕೆಂಬ ಬಿನ್ನಹ ಒಂದು. ಅದರೊಡನೆ, ಬೆನ್ನು ಮುರಿದು, ಕತ್ತು ಬಾಗಿ, ನೆಟ್ಟ ನೋಟದಿಂದ ಕಷ್ಟಪಟ್ಟು ಬರೆದುದನ್ನು ಜೋಪಾನವಾಗಿ ಕಾಪಾಡಿರೆಂಬ ಅರ್ಥದ ಸಂಸ್ಕೃತ ಶ್ಲೋಕವೂ ಎಷ್ಟೋ ಕಡೆ ಇರುತ್ತದೆ. ಮೇಲಿನ ಗರಿಗಳಲ್ಲಿ ಕವಿಯ ಹೆಸರು ಇದ್ದರೂ ಇರಬಹುದು, ಇಲ್ಲದೆಯೂ ಹೋಗಬಹುದು. ಲಿಪಿಕಾರನು ಅನೇಕ ಕಡೆ ತನ್ನ ಹೆಸರನ್ನು ಬಿಟ್ಟು, ಬೆನ್ನುನೋವಿನ ಸುದ್ದಿಯನ್ನು ಮಾತ್ರ ಬರೆದಿಟ್ಟು ಹೋಗಿದ್ದಾನೆ.